ಬ್ರೇಕ್ ಹಾಕಿದ ಬಸ್ಸಿನ ಲೆಕ್ಕದಾಗ 12.5 ಯಾಕ ಬರಲತ್ತದ?

ಫಸ್ಟ್ ಪಿಯು, ಕಲಬುರಗಿ:
ನಮಸ್ಕಾರ್ರಿ ಎಲ್ಲರಿಗೂ. ನಾ ಹತ್ತನೇತ್ತದ ತನಾ ಕನ್ನಡ ಮೀಡಿಯಂ ಓದಿ ಈಗ ಸೈನ್ಸ್ ತಗೊಂಡೀನಿ, ಎರಡು ಲೆಕ್ಕ ತಲಿ ತಿನ್ಲತ್ತಾವ. ಮೊದಲಿಂದು, ಬಸ್ಸು ತಾಸಿಗಿ 54 ಕಿಲೋಮೀಟರ್ ಸ್ಪೀಡಿನಾಗ ಹೊಂಟದ, ಡ್ರೈವರ್ ಬ್ರೇಕ್ ಹಾಕ್ತಾನ, ಮಂದನ (ವೇಗ ಕಮ್ಮಿ ಆಗೋ ದರ) 5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್, 5 ಸೆಕೆಂಡಿನಾಗ ಎಷ್ಟು ದೂರ ಹೋಗ್ತದ ಅಂತ. 54ಕ್ಕ 5/18 ಗುಣಿಸಿ ಸೆಕೆಂಡಿಗಿ 15 ಮೀಟರ್ ಮಾಡ್ಕೊಂಡೆ, ಎಸ್ = ಯುಟಿ + ½ಎಟಿ² (ಎಸ್ ದೂರ, ಯು ಸುರುವಿನ ವೇಗ, ಎ ವೇಗೋತ್ಕರ್ಷ ಅಂದ್ರ ವೇಗ ಬದಲಾಗೋ ದರ, ಟಿ ಟೈಮ್) ಒಳಗ ಎ ಜಾಗಾದಾಗ −5 ಹಾಕಿದೆ, 75 − 62.5 = 12.5 ಬಂತು. ಉತ್ತರ 22.5 ಅದ.
ಎರಡನೇದು, 25 ಮೀಟರ್ ಎತ್ತರದ ಬುರುಜಿನ ಮ್ಯಾಲ ನಿಂತು 20 ಮೀಟರ್ ಪರ್ ಸೆಕೆಂಡ್ ಸ್ಪೀಡಿಲೆ ಕಲ್ಲು ನೆಟ್ಟಗ ಮ್ಯಾಲಕ್ಕ ಒಗದರ ನೆಲಕ್ಕ ಯಾವಾಗ ಬೀಳ್ತದ, ಜಿ (ಭೂಮಿ ಸೆಳೆತದ ವೇಗೋತ್ಕರ್ಷ) 10 ಹಿಡೀರಿ ಅಂತ. ಅದೇ ಫಾರ್ಮುಲಾ ಹಾಕಿದ್ರ 5 ಸೆಕೆಂಡ್, ಬರೋಬ್ಬರ್ ಬಂತು. ಕಲ್ಲೂ 2 ಸೆಕೆಂಡಿಗಿ ಮ್ಯಾಲ ಹೋಗಿ ನಿಲ್ತದಲ್ರಿ, ಅದಕ್ಕ ನಡೀತದ, ಬಸ್ಸಿಗಿ ಯಾಕ ನಡ್ಯಲ್ಲ? ಟ್ಯೂಷನ್ನಾಗ ಕೇಳಿದ್ರ ಫಾರ್ಮುಲಾ ಬಾಯಿಪಾಠ ಮಾಡು ಸಾಕು ಅಂದ್ರು.

ಬೀದರ ಮಾಸ್ತರ:
ತಮ್ಮಾ, ಭಾಳ ಚಲೋ ಪ್ರಶ್ನೆ ಕೇಳಿ, ಇದು ಬಾಯಿಪಾಠದಿಂದ ಬಗೆಹರಿಯೋದಲ್ಲ. ಮೊದಲ ಬಸ್ಸು ಎಷ್ಟೊತ್ತಿಗಿ ನಿಲ್ತದ ನೋಡು. ವಿ = ಯು + ಎಟಿ ಒಳಗ ವಿ, ಅಂದ್ರ ಕೊನಿ ವೇಗ, ಸೊನ್ನಿ ಇಟ್ಟರ 15 − 5ಟಿ = 0, ಅಂದ್ರ 3 ಸೆಕೆಂಡ್. ಮೂರನೇ ಸೆಕೆಂಡಿಗೇ ಬಸ್ಸು ನಿಂತದ, ಉಳಿದ 2 ಸೆಕೆಂಡ್ ಸುಮ್ನ ರೋಡಿನ ಮ್ಯಾಲ ನಿಂತಿರ್ತದ. ಖರೆ ಫಾರ್ಮುಲಾಕ್ಕ ಅದು ಗೊತ್ತಿಲ್ಲ, ನೀ ಎ −5 ಅಂತ 5 ಸೆಕೆಂಡ್ ಪೂರಾ ಕೊಟ್ಟಿ, ಅದು ಬಸ್ಸಿಗಿ ಹಿಂದಕ್ಕ ಓಡಿಸ್ತು.
ಈಗ ಕಲ್ಲಿಂದು. ಬ್ರೇಕ್ ಹಾಕಿದಾಗ ಬಸ್ಸಿಗಿ ತಡಿಯೋದು ಟೈರು ರೋಡಿನ ನಡುವಿನ ಘರ್ಷಣೆ, ಅದು ಜಾರೋದಕ್ಕ ಅಡ್ಡ ಬರ್ತದ, ಸಪಾಟ ರೋಡಿನ ಮ್ಯಾಲ ಬಸ್ಸು ನಿಂತ ಮ್ಯಾಲ ಅದಕ್ಕ ತಡಿಯಾಕ ಏನೂ ಉಳಿದಿಲ್ಲ, ಹಂಗಾಗಿ ಎ ಸೊನ್ನಿ ಆಗ್ತದ. ಭೂಮಿ ಸೆಳೆತ ಹಂಗಲ್ಲ, ಕಲ್ಲು ಮ್ಯಾಲ ಹೋಗ್ಲಿ, ತೆಳಗ ಬರ್ಲಿ, ತುದಿಯಾಗ ಒಂದು ಕ್ಷಣ ವೇಗ ಸೊನ್ನಿ ಇರ್ಲಿ, ಎಳ್ಯೋದು ಎಳೀತದ. ತುದಿಯಾಗ ವೇಗ ಸೊನ್ನಿ, ವೇಗೋತ್ಕರ್ಷ ಮಾತ್ರ ಸೊನ್ನಿ ಅಲ್ಲ. ಇದನ್ನ ನಮ್ಮ ಹುಡುಗರು ವರ್ಷಾ ತಪ್ಪು ಬರೀತಾರ, ನನಗ ಭಾಳ ಸಂಕಟ ಆಗ್ತದ. ಈ ಫಾರ್ಮುಲಾಗಳು ಎ ಒಂದೇ ನಮೂನಿ ಇರೋತನಾ ಅಷ್ಟೇ ನಡೀತಾವ. ಎ ಬದಲಾದ ಜಾಗಾದಾಗ ಲೆಕ್ಕ ಕಡೀರಿ, ಹೊಸ ಯು ಹಿಡ್ಕೊಂಡು ಮತ್ತ ಸುರು ಮಾಡ್ರಿ.

ಗ್ರಾಫ್ ಗೆಳೆಯ:
ಮಾಸ್ತರರು ಹೇಳಿದ್ದು ಖರೆ, ವಿ-ಟಿ (ವೇಗ-ಟೈಮ್) ಗ್ರಾಫ್ ತೆಗದ್ರ 12.5 ಎಲ್ಲಿಂದ ಬಂತು ಅಂಬೋದು ಕಣ್ಣಿಗಿ ಕಾಣ್ತದ. 15ರಿಂದ ಗೆರಿ ಇಳ್ಕೋತ 3 ಸೆಕೆಂಡಿಗಿ ಸೊನ್ನಿ ಮುಟ್ಟತದ, ಆ ತ್ರಿಕೋನದ ಕ್ಷೇತ್ರಫಲ ½ × 3 × 15 = 22.5, ಅದೇ ಬಸ್ಸು ಹೋದ ದೂರ. ಹಂಗೇ ತೆಳಗ ಎಳದ್ರ 5 ಸೆಕೆಂಡಿಗಿ −10, ತೆಳಗಿನ ತ್ರಿಕೋನ ½ × 2 × 10 = 10. 22.5ದಾಗ 10 ಕಳದ್ರ ನಿನ್ನ 12.5 ಬಂತಲ್ಲ! ನಾ ಪರೀಕ್ಷಾದಾಗೂ ಮೊದಲ ಗ್ರಾಫ್ ತೆಗದೇ ಲೆಕ್ಕಕ್ಕ ಕೈ ಹಾಕ್ತಿದ್ದೆ.

ಯಾದಗಿರಿ ಅಕ್ಕ:
ಇನ್ನೊಂದು ಸೇರಿಸ್ತೀನಿ. ನಮ್ಮಪ್ಪ ಬಸ್ ಓಡಿಸೋರು, ಅದಕ್ಕ ಈ ಲೆಕ್ಕ ನನಗ ಬರೇ ಪುಸ್ತಕದ್ದಲ್ಲ. ಎಮ್ಮಿ ಅಡ್ಡ ಬಂದದ್ದು ಕಂಡ ಕೂಡ್ಲೆ ಬ್ರೇಕ್ ಬೀಳಲ್ಲ, ಡ್ರೈವರಗ 0.8 ಸೆಕೆಂಡ್ ಹಿಡೀತು ಅಂದ್ಕೋರಿ, ಅಷ್ಟರಾಗ 15 × 0.8 = 12 ಮೀಟರ್ ಅದೇ ಸ್ಪೀಡಿಲೆ ಹೋಗಿರ್ತದ. ಆಮ್ಯಾಲ ಬ್ರೇಕಿನ 22.5. ಒಟ್ಟು 34.5. ಇಲ್ಲಿ ಮೊದಲಿನ ತುಂಡಿನಾಗ ಎ ಸೊನ್ನಿ, ಎರಡನೇದ್ರಾಗ −5, ಎರಡೂ ಕೂಡಿಸಿ ಒಂದೇ ಫಾರ್ಮುಲಾದಾಗ ಹಾಕಿದ್ರ ಕೆಡ್ತದ. ಸ್ಪೀಡ್ ಎರಡು ಪಟ್ಟು, 108 ಮಾಡಿದ್ರ ಬ್ರೇಕಿನ ದೂರ ನಾಕು ಪಟ್ಟು, 90 ಮೀಟರ್, ಯಾಕಂದ್ರ ವಿ² = ಯು² + 2ಎಎಸ್ ಒಳಗ ಯು ಸ್ಕ್ವೇರ್ ಅದ.

ಫಸ್ಟ್ ಪಿಯು, ಕಲಬುರಗಿ:
ತಿಳೀತ್ರಿ! ಗ್ರಾಫ್ ತೆಗದು ನೋಡಿದೆ. ಖರೆ ಕಲ್ಲಿನ ಲೆಕ್ಕದಾಗ ಟಿ² − 4ಟಿ − 5 = 0 ಬಿಡಿಸಿದ್ರ 5ರ ಕೂಡ −1 ಅಂತೂ ಬರ್ತದ, ಅದನ್ನ ಬಿಟ್ಟೀನಿ, ಬಿಡಬೇಕಾ?

ಬೀದರ ಮಾಸ್ತರ:
ಉತ್ತರಕ್ಕ ಬಿಡು, ಖರೆ ಅದಕ್ಕೂ ಅರ್ಥ ಅದ. ನೀ ಒಗ್ಯೋದಕ್ಕ 1 ಸೆಕೆಂಡ್ ಮೊದಲ ಯಾರಾರ ನೆಲದಿಂದ 30 ಮೀಟರ್ ಪರ್ ಸೆಕೆಂಡಿಲೆ ಒಗದಿದ್ರ, ಆ ಕಲ್ಲು ನಿನ್ನ ಬುರುಜಿನ ಹತ್ರ ಬರೋವಾಗ ಸರಿಯಾಗಿ 20ರಿಂದ ಮ್ಯಾಲ ಹೋಗ್ತಿತ್ತು. ವಿ ಹಾಕಿ ನೋಡು.

ಫಸ್ಟ್ ಪಿಯು, ಕಲಬುರಗಿ:
ಹಾಕಿದೆ ಸರ್. −1ಕ್ಕ 20 + 10 = 30. 5 ಸೆಕೆಂಡಿಗಿ ನೆಲಕ್ಕ ಬಿದ್ದಾಗ 20 − 50 = −30. ಹೋಗುವಾಗ 30, ಬರುವಾಗೂ 30, ಎರಡೂ ಕೂಡ್ಯಾವ.