ಪ್ಲಾಟಿನಂ ಕಪ್ ಗಿರವಿ ಇಡಕ್ಕಾಗುತ್ತಾ?

ಕ್ಯಾತ್ಸಂದ್ರ_ಗೇಟ್:
ತುಮಕೂರಿನ ಗೇಮರ್‌ಗಳಿಗೆಲ್ಲ ನಮಸ್ಕಾರ. ಒಂದು ಪಂಚಾಯ್ತಿ ಇದೆ, ನೀವೇ ತೀರ್ಮಾನ ಹೇಳಿ.

ಹೋದ ಭಾನುವಾರ ವುಲ್ಫೆನ್‌ಸ್ಟೈನ್ 2 ಆಡುತ್ತಿದ್ದೆ. 2017ರ ಗೇಮ್. ಅದರಲ್ಲಿ ‘ಮೈನ್ ಲೆಬೆನ್’ ಅಂತ ಒಂದು ಮೋಡ್ ಇದೆ. ಒಂದೇ ಜೀವ. ಸೇವ್ ಮಾಡೋ ಹಾಗಿಲ್ಲ. ಸತ್ತರೆ ಮೊದಲಿನಿಂದ ಶುರು. ಅದನ್ನು ಮುಗಿಸದೆ ಪ್ಲಾಟಿನಂ ಟ್ರೋಫಿ, ಅಂದರೆ ಗೇಮ್‌ನ ಉಳಿದ ಟ್ರೋಫಿ ಎಲ್ಲ ಗೆದ್ದವರಿಗೆ ಪರದೆ ಮೇಲೆ ಸಿಗೋ ಕಪ್, ಬರುವುದಿಲ್ಲ. ಎರಡೂವರೆ ಗಂಟೆ ಉಸಿರು ಬಿಗಿಹಿಡಿದು ಆಡಿದೆ. ಟಕ್ ಅಂತ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಫ್ಯಾನ್ ತಿರುಗುತ್ತಲೇ ಇತ್ತು. ಆದರೆ ಪಿಎಸ್4 ಮಾತ್ರ ಆ ಒಂದು ಮಿಟುಕಿನಲ್ಲೇ ಆರಿಹೋಯಿತು. ನಾನು ಸುಮ್ನೆ ಕಪ್ಪು ಪರದೆ ನೋಡುತ್ತಾ ಕೂತೆ.

ಪಕ್ಕದಲ್ಲಿ ಚಿಕ್ಕಪ್ಪನ ಮಗ ಇದ್ದ. ಅವನು ಕೇಳಿದ್ದು ಇಷ್ಟೇ: “ಅಣ್ಣ, ಈ ಪ್ಲಾಟಿನಂ ಕಪ್ ಬಂದಿದ್ದರೆ ಯಾವ ಅಂಗಡಿಯಲ್ಲಿ ಗಿರವಿ ಇಡ್ತಿದ್ದೆ?”

ನನ್ನ ಹತ್ತಿರ ಈಗ 41 ಪ್ಲಾಟಿನಂ ಇವೆ. ಕೊನೆಯ ಸಲ ಟ್ರೋಫಿ ಪಟ್ಟಿ ನೋಡದೆ ಒಂದು ಗೇಮ್ ಆಡಿದ್ದು ಯಾವಾಗ ಅಂತ ಆವತ್ತು ಯೋಚಿಸಿದೆ. ನೆನಪಾಗಲಿಲ್ಲ. ಇದು ಆಟವಾ, ಕೂಲಿಯಾ?

ಬಿಎಚ್_ರೋಡ್_ಬ್ರೇಕರ್:
ಕೂಲಿ ಗುರು. ಕೂಲಿಗಾದರೂ ಸಂಜೆ ದುಡ್ಡು ಕೊಡ್ತಾರೆ.

ಕೆಜಿಎಫ್_ಮೊಮ್ಮಗ:
ಕೋಲಾರದ ಕಡೆಯವನು ನಾನು, ಈ ಮಾತು ನಾನೇ ಹೇಳಬೇಕು. ನಮ್ಮ ತಾತ ಗಣಿಯಲ್ಲಿದ್ದರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಕೆಳಗೆ ಹೋದಷ್ಟೂ ಖರ್ಚು ಜಾಸ್ತಿ, ಚಿನ್ನ ಕಮ್ಮಿ. ಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. 2001ರ ಫೆಬ್ರವರಿಯಲ್ಲಿ ಮುಚ್ಚಿದರು. ಅರೆದ ಮಣ್ಣು ಮಾತ್ರ ಇವತ್ತಿಗೂ ಸೈನೈಡ್ ದಿಬ್ಬ ಆಗಿ ಊರ ಪಕ್ಕ ನಿಂತಿದೆ.

ನೂರಕ್ಕೆ ನೂರು ಮಾಡೋರ ಕತೆಯೂ ಇದೇ. ಮೊದಲ 60 ಭಾಗದಲ್ಲಿ ಚಿನ್ನ ಸಿಗುತ್ತೆ. ಆಮೇಲೆಲ್ಲ ದಿಬ್ಬ. 2007ರ ಮೊದಲ ಅಸಾಸಿನ್ಸ್ ಕ್ರೀಡ್‌ನಲ್ಲಿ 420 ಬಾವುಟ ಹುಡುಕಬೇಕಿತ್ತು. ಹುಡುಕಿದರೆ ಗೇಮ್ ಒಳಗೆ ಏನೂ ಕೊಡುತ್ತಿರಲಿಲ್ಲ. ನಾನು 300 ದಾಟಿಸಿದ್ದೆ. ಯಾಕೆ ಅಂತ ಕೇಳಬೇಡಿ.

ಶಿರಾಗೇಟ್_ಅಕ್ಕ:
ನನಗೆ ಈ “ದುಡ್ಡು ಬರುತ್ತಾ” ಅನ್ನೋ ಪ್ರಶ್ನೆ ಕೇಳಿದರೇ ಮೈ ಉರಿಯುತ್ತೆ. ನಮ್ಮಮ್ಮ ದಸರಾ ಗೊಂಬೆ ಕೂರಿಸುತ್ತಾರೆ. ಮೂವತ್ತು ವರ್ಷದಿಂದ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು. ಪಟ್ಟದ ಗೊಂಬೆ, ಚನ್ನಪಟ್ಟಣದ ಗೊಂಬೆ, ಶೆಟ್ಟಿ ಅಂಗಡಿ, ದಶಾವತಾರ ಎಲ್ಲ ಇದೆ. ದಶಾವತಾರದಲ್ಲಿ ಒಂದು ಗೊಂಬೆ ಒಡೆದರೆ, ಅದೇ ಅಳತೆಯದು ಸಿಗುವವರೆಗೂ ಅವರಿಗೆ ನಿದ್ದೆ ಇಲ್ಲ. ಒಂಬತ್ತು ದಿನ ಇಟ್ಟು, ಬಟ್ಟೆ ಸುತ್ತಿ ಮತ್ತೆ ಅಟ್ಟಕ್ಕೆ. ಇದನ್ನು ಯಾರಾದರೂ ಗಿರವಿ ಇಡ್ತೀರಾ ಅಂತ ಕೇಳ್ತಾರಾ? ಕುಂಕುಮ ತಗೊಂಡು, ಚರ್ಪು ತಿಂದು, “ಎಷ್ಟು ಚೆನ್ನಾಗಿದೆ” ಅಂತ ಹೇಳಿ ಹೋಗ್ತಾರೆ.

ನಾನು ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮ್ ಆಡುತ್ತೇನೆ. ಮ್ಯೂಸಿಯಂ ತುಂಬಿಸಿದ ದಿನ ಆದ ಖುಷಿ ಯಾವುದೇ ಬಾಸ್‌ನನ್ನು ಹೊಡೆದಾಗ ಆಗಿಲ್ಲ.

ಬಿಎಚ್_ರೋಡ್_ಬ್ರೇಕರ್:
ಅಕ್ಕ, ಅದರಲ್ಲೇ ಕೌಬಾಯ್ ಗುಂಡು ಹಾರಿಸೋ ಆಟ ಒಂದಿದೆಯಲ್ಲ, ‘ಪ್ರೇರಿ ಕಿಂಗ್’. ಒಂದು ಸಲವೂ ಸಾಯದೆ ಮುಗಿಸೋ ಅಚೀವ್‌ಮೆಂಟ್, ಅಂದರೆ ಟ್ರೋಫಿ ಥರದ್ದು, ಬಂತಾ?

ಶಿರಾಗೇಟ್_ಅಕ್ಕ:
ಆ ಹೆಸರು ಎತ್ತಬೇಡ.

ಅಮಾನಿಕೆರೆ_ಹಳಬ:
ಇದು ಎಕ್ಸ್‌ಬಾಕ್ಸ್ ಬಂದ ಮೇಲೆ ಹತ್ತಿದ ರೋಗ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ. 1980ರ ದಶಕದ ಶುರುವಿನಲ್ಲೇ ಅಮೆರಿಕದಲ್ಲಿ ಆಕ್ಟಿವಿಷನ್‌ನವರು ಇದನ್ನು ಮಾಡಿದ್ದರು. ಅಟಾರಿ 2600ಗೆ ‘ಪಿಟ್‌ಫಾಲ್’ ಅಂತ ಗೇಮ್ ಬಂತು, 1982ರಲ್ಲಿ. ಅದರಲ್ಲಿ 20,000 ಅಂಕ ತೆಗೆದು, ಟಿವಿ ಪರದೆಯ ಫೋಟೋ ಹೊಡೆದು, ಪೋಸ್ಟ್‌ನಲ್ಲಿ ಕಳಿಸಿದರೆ ಅವರು ಬಟ್ಟೆಯ ಒಂದು ಬಿಲ್ಲೆ ಕಳಿಸುತ್ತಿದ್ದರು. ಅಂಗಿಗೆ ಹೊಲಿದುಕೊಳ್ಳಬಹುದು. ಮೈಕ್ರೋಸಾಫ್ಟ್ 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಗೇಮರ್‌ಸ್ಕೋರ್ ತಂದಾಗ ಆ ಬಿಲ್ಲೆ ಅಂಕಿ ಆಯಿತು, ಅಷ್ಟೇ. ಡಿಸ್ಕ್‌ನಲ್ಲಿ ಬರುವ ಒಂದು ಗೇಮ್‌ಗೆ 1000 ಅಂಕ. ಸೋನಿ 2008ರಲ್ಲಿ ಟ್ರೋಫಿ ತಂತು. ಕಂಚು, ಬೆಳ್ಳಿ, ಚಿನ್ನ, ಎಲ್ಲ ಮುಗಿದರೆ ಪ್ಲಾಟಿನಂ. 2014ರಲ್ಲಿ ರೇ ಕಾಕ್ಸ್ ಅನ್ನೋರು ಹತ್ತು ಲಕ್ಷ ಗೇಮರ್‌ಸ್ಕೋರ್ ಮುಟ್ಟಿದರು. ಅವರೇ ಮೊದಲಿಗರು.

ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣದ ಮೇಲಿನ ಚಿತ್ರ ಕೂಡಿಸುತ್ತಿದ್ದೆವು. ಒಂದೇ ಥರದ್ದು ಎರಡಿದ್ದರೆ ಬದಲಾಯಿಸಿಕೊಳ್ಳಬೇಕು. ಅಪರೂಪದ್ದು ಒಂದಕ್ಕೆ ಮಾಮೂಲಿದು ಹತ್ತು. ಈಗ ಪಿಎಸ್‌ನಲ್ಲಿ ‘ಅಲ್ಟ್ರಾ ರೇರ್’ ಅಂತ ಬರೆದು ತೋರಿಸುತ್ತಾರಲ್ಲ, ಆ ಲೆಕ್ಕ ನಮಗೆ ಬಾಯಲ್ಲೇ ಇತ್ತು.

ಸ್ಟೀಮ್_ಗೋಡೌನ್:
ನನ್ನದು ಬೇರೆ ಕಾಯಿಲೆ. ನಾನು ಗೇಮ್‌ಗಳನ್ನೇ ಕೂಡಿಸುತ್ತೇನೆ, ಆಡುವುದಿಲ್ಲ. ಲೈಬ್ರರಿಯಲ್ಲಿ 312 ಇವೆ, ತೆರೆದು ನೋಡಿದ್ದು ಐವತ್ತು ಇರಬಹುದು. ಸೇಲ್ ಬಂತು ಅಂದರೆ ಕೈ ನಿಲ್ಲಲ್ಲ. ಎಪಿಕ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯವರು ಪುಕ್ಕಟೆ ಕೊಡುವುದನ್ನು ಪ್ರತಿ ಗುರುವಾರ ರಾತ್ರಿ ತಪ್ಪದೆ ತಗೊಳ್ಳುತ್ತೇನೆ. ನಮ್ಮಜ್ಜಿ ಸ್ಟೀಲ್ ಪಾತ್ರೆ ತಗೊಂಡು ಅಟ್ಟದ ಮೇಲೆ ಇಡುತ್ತಿದ್ದರು, ಮದುವೆಗೆ ಆಗುತ್ತೆ ಅಂತ. ಯಾರ ಮದುವೆಗೆ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ.

ಮಧುಗಿರಿ_ಮೇಷ್ಟ್ರು:
ಗೇಮ್ ವಿಷಯ ನನಗೆ ಅಷ್ಟಾಗಿ ತಿಳಿಯದು. ಮಗನ ದೆಸೆಯಿಂದ ಈ ಗುಂಪು ಸೇರಿದವನು. ಆದರೆ ಬಿ.ಎಡ್ ಓದುವಾಗ ಓದಿದ ಒಂದು ಪ್ರಯೋಗ ಇಲ್ಲಿಗೆ ಸರಿಯಾಗಿ ಕೂರುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮಾಡಿದ್ದು. ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ತಾವಾಗಿಯೇ ಓಡಿಬರುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಮೊದಲೇ ಹೇಳಿದರು: ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ. ಬರೆದವು, ಕೊಟ್ಟರು. ಒಂದೆರಡು ವಾರ ಬಿಟ್ಟು ಅದೇ ಸ್ಕೆಚ್ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರು. ಸರ್ಟಿಫಿಕೇಟ್ ಆಸೆಗೆ ಬರೆದ ಮಕ್ಕಳು, ಉಳಿದ ಮಕ್ಕಳ ಹೋಲಿಕೆಯಲ್ಲಿ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದವು.

ಕ್ಯಾತ್ಸಂದ್ರದವರೇ, ನಿಮ್ಮ 41 ಸರ್ಟಿಫಿಕೇಟ್ ನೋಡಿ ಇದೇ ನೆನಪಾಯಿತು.

ಕ್ಯಾತ್ಸಂದ್ರ_ಗೇಟ್:
ಮೇಷ್ಟ್ರೇ, ಕೆನ್ನೆಗೆ ಬಾರಿಸಿದ ಹಾಗಾಯಿತು.

ಶಿರಾಗೇಟ್_ಅಕ್ಕ:
ಒಂದು ನಿಮಿಷ ಸಾರ್. ಆ ಪ್ರಯೋಗದಲ್ಲಿ ಮೂರನೇ ಗುಂಪು ಇತ್ತಲ್ವಾ? ಮೊದಲು ಏನೂ ಹೇಳದೆ, ಬರೆದ ಮೇಲೆ ಅದೇ ಸರ್ಟಿಫಿಕೇಟ್ ಕೈಗೆ ಕೊಟ್ಟ ಮಕ್ಕಳು. ನಾನೂ ಬಿ.ಎಡ್ ಮಾಡಿದ್ದೇನೆ.

ಮಧುಗಿರಿ_ಮೇಷ್ಟ್ರು:
ಇತ್ತು ತಾಯಿ. ಆ ಮಕ್ಕಳ ಆಸಕ್ತಿ ಕಮ್ಮಿ ಆಗಲಿಲ್ಲ. ಹೇಳಬೇಕಿತ್ತು, ಬಿಟ್ಟೆ.

ಶಿರಾಗೇಟ್_ಅಕ್ಕ:
ಹಾಗಾದರೆ ತಪ್ಪು ಸರ್ಟಿಫಿಕೇಟಿನದಲ್ಲ, ಮೊದಲೇ ಆಸೆ ಹುಟ್ಟಿಸಿದ್ದರದು. ಗೇಮ್ ಆಡುವಾಗ ಗೊತ್ತಿಲ್ಲದೆ ಟಿಣ್ ಅಂತ ಟ್ರೋಫಿ ಬಂದರೆ ಖುಷಿಯೇ. ಪಟ್ಟಿ ಮುಂದಿಟ್ಟುಕೊಂಡು, ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದರೆ ಅದು ರೇಷನ್ ಚೀಟಿ. ನಾನು ಮೊದಲ ಸಲ ಆಡುವಾಗ ಪಟ್ಟಿ ತೆರೆಯುವುದೇ ಇಲ್ಲ. ಮುಗಿದ ಮೇಲೂ ಆ ಗೇಮ್ ಬಿಟ್ಟು ಬರಲು ಮನಸ್ಸಾಗದಿದ್ದರೆ ಆಗ ತೆರೆಯುತ್ತೇನೆ. ಇನ್ನೊಂದು ಸ್ವಲ್ಪ ದಿನ ಅಲ್ಲೇ ಇರೋಕೆ ಅದೊಂದು ನೆಪ.

ಕೆಜಿಎಫ್_ಮೊಮ್ಮಗ:
ಅಕ್ಕ, ಎಲ್ಲದಕ್ಕೂ ಹಾಗೆ ಆಗಲ್ಲ. ಕೆಲವು ಟ್ರೋಫಿ ಮಿಸ್ ಆದರೆ ಇಡೀ ಗೇಮ್ ಮತ್ತೆ ಆಡಬೇಕು. ಸಂಸಾರಸ್ಥರಿಗೆ ಎರಡು ಸಲ ಆಡೋಕೆ ಟೈಮ್ ಎಲ್ಲಿದೆ?

ಶಿರಾಗೇಟ್_ಅಕ್ಕ:
ಸಂಸಾರಸ್ಥರಿಗೆ 300 ಬಾವುಟ ಹುಡುಕೋಕೆ ಟೈಮ್ ಇತ್ತಾ?

ಎಸ್‌ಎಸ್‌ಪುರಂ_ಸ್ಕ್ರೀನ್‌ಶಾಟ್:
ಕೊಡುವುದು ಏನು ಅನ್ನೋದೂ ಮುಖ್ಯ. ಕಾಲೇಜು ಹತ್ತಿರ ಒಂದು ನೆಟ್ ಸೆಂಟರ್ ಇತ್ತು, ಗಂಟೆಗೆ 15 ರೂಪಾಯಿ. ಅಲ್ಲಿ ವೈಸ್ ಸಿಟಿ ಆಡುತ್ತಿದ್ದೆವು. ಅದರಲ್ಲಿ 100 ಪೊಟ್ಟಣ ಬಚ್ಚಿಟ್ಟಿದ್ದಾರೆ. ಹತ್ತು ಸಿಕ್ಕರೆ ನಮ್ಮ ಮನೆ ಮುಂದೆ ಗುಂಡು ತಡೆಯೋ ಜಾಕೆಟ್. ಇಪ್ಪತ್ತಕ್ಕೆ ಚೈನ್ ಸಾ. ತೊಂಬತ್ತಕ್ಕೆ ಟ್ಯಾಂಕ್! ಹುಡುಕಿದ್ದಕ್ಕೆ ಆಟ ಸುಲಭ ಆಗುತ್ತಿತ್ತು. ನಾನು 87ಕ್ಕೆ ಬಂದಿದ್ದೆ. ಮಾರನೇ ದಿನ ಹೋದರೆ ಯಾರೋ ನನ್ನ ಸೇವ್ ಮೇಲೆ ತಮ್ಮದು ಸೇವ್ ಮಾಡಿದ್ದರು. ಇವತ್ತಿಗೂ ಆ ಪುಣ್ಯಾತ್ಮ ಯಾರು ಅಂತ ಗೊತ್ತಿಲ್ಲ.

ಅದನ್ನು ನಿಂಟೆಂಡೊದವರ ಬ್ರೆತ್ ಆಫ್ ದಿ ವೈಲ್ಡ್ ಗೇಮ್ ಜೊತೆ ಹೋಲಿಸಿ. 900 ಕೊರೋಕ್ ಬೀಜ ಬಚ್ಚಿಟ್ಟಿದ್ದಾರೆ. ಚೀಲ ಪೂರ್ತಿ ದೊಡ್ಡದು ಮಾಡಿಕೊಳ್ಳಲು 441 ಸಾಕು. ಉಳಿದದ್ದನ್ನೂ ಹುಡುಕಿ 900 ಮಾಡಿದವನಿಗೆ ಕೊಡುವುದು ಚಿನ್ನದ ಬಣ್ಣದ, ಥೇಟ್ ಹೇಲಿನ ಆಕಾರದ ಒಂದು ವಸ್ತು. ಗೇಮ್ ಮಾಡಿದವರೇ ಬಾಯಿಬಿಟ್ಟು ಹೇಳಿದ ಹಾಗಲ್ವಾ, ಸಾಕು ಎದ್ದು ಹೋಗಪ್ಪ ಅಂತ?

ಬಿಎಚ್_ರೋಡ್_ಬ್ರೇಕರ್:
ನಿಂಟೆಂಡೊ ಸ್ವಿಚ್‌ನಲ್ಲಿ ಟ್ರೋಫಿ ವ್ಯವಸ್ಥೆಯೇ ಇಲ್ಲ. ಆದರೂ ಜನ 900 ಹುಡುಕಿದರು. ಅಂದರೆ ಟ್ರೋಫಿ ತೆಗೆದರೂ ನಾವು ಸುಧಾರಿಸಲ್ಲ.

ಅಮಾನಿಕೆರೆ_ಹಳಬ:
ಮನುಷ್ಯನಿಗೆ ಅದು ಹುಟ್ಟುಗುಣ. ಪೋಕೆಮಾನ್ ಮಾಡಿದ ಸತೋಷಿ ತಾಜಿರಿ ಚಿಕ್ಕವರಿದ್ದಾಗ ಹುಳು ಹಿಡಿದು ಕೂಡಿಸುತ್ತಿದ್ದರು. ಆ ಹುಚ್ಚೇ 1996ರಲ್ಲಿ ಗೇಮ್ ಆಯಿತು. ಅದರಲ್ಲೂ ಒಂದು ಉಪಾಯ ನೋಡಿ: ಒಂದೇ ಕ್ಯಾಸೆಟ್‌ನಲ್ಲಿ ಎಲ್ಲ ಸಿಗುವುದಿಲ್ಲ. ಕೆಂಪು ಇದ್ದವನು ಹಸಿರು ಇದ್ದವನ ಹತ್ತಿರ ಹೋಗಿ ಬದಲಾಯಿಸಿಕೊಳ್ಳಬೇಕು. ಬೆಂಕಿಪೊಟ್ಟಣದ ಚಿತ್ರದ ಹಾಗೇ. ಕೂಡಿಸೋಕೆ ಸ್ನೇಹಿತ ಬೇಕು. ಈಗಿನ ಟ್ರೋಫಿಯಲ್ಲಿ ನನಗೆ ಕಾಣೋ ಕೊರತೆ ಅದೊಂದೇ. ರೂಮ್ ಬಾಗಿಲು ಹಾಕಿಕೊಂಡು ಒಬ್ಬನೇ ಕೂಡಿಸಬಹುದು.

ಬಟವಾಡಿ_ಬ್ಯಾಟರಿ:
ಒಬ್ಬನೇ ಅಂದಿರಿ, ಅದಕ್ಕೇ ಮೋಸನೂ ಸುಲಭ. ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್‌ನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿದರೆ ಎಲ್ಲ ಅಚೀವ್‌ಮೆಂಟ್ ಒಂದೇ ಸೆಕೆಂಡಿಗೆ ತೆರೆಯುತ್ತೆ. ಸ್ಟ್ಯಾನ್ಲಿ ಪ್ಯಾರಬಲ್‌ನಲ್ಲಿ ಐದು ವರ್ಷ ಆ ಗೇಮ್ ಆಡದೇ ಇದ್ದರೆ ಒಂದು ಅಚೀವ್‌ಮೆಂಟ್ ಕೊಡ್ತಾರೆ. ತಮಾಷೆಗೆ ಇಟ್ಟಿದ್ದು. ಜನ ಕಂಪ್ಯೂಟರ್ ತಾರೀಖು ಮುಂದೆ ತಳ್ಳಿ ಅದನ್ನೂ ತಗೊಂಡರು. ಸುಮ್ಮನಿರೋದರಲ್ಲೂ ಮೋಸ!

ಅಂದ ಹಾಗೆ ಕ್ಯಾತ್ಸಂದ್ರ ಗುರುಗಳೇ, ನಿಮ್ಮ ಪ್ರೊಫೈಲ್ ಈಗ ತಾನೇ ನೋಡಿದೆ. 41ರಲ್ಲಿ ‘ಮೈ ನೇಮ್ ಈಸ್ ಮೇಯೋ’ ಕಂಡ ಹಾಗಾಯಿತು?

ಕ್ಯಾತ್ಸಂದ್ರ_ಗೇಟ್:
...

ಎಸ್‌ಎಸ್‌ಪುರಂ_ಸ್ಕ್ರೀನ್‌ಶಾಟ್:
ಅದೇನು ಗೇಮ್?

ಬಟವಾಡಿ_ಬ್ಯಾಟರಿ:
ಪರದೆ ಮೇಲೆ ಮೇಯನೇಸ್ ಬಾಟಲಿ ಇರುತ್ತೆ. ಅದನ್ನು 10,000 ಸಲ ಒತ್ತಬೇಕು. ಪ್ಲಾಟಿನಂ. ಅಷ್ಟೇ ಗೇಮ್. ಇವರ ಹತ್ತಿರ ಅದರ ಎರಡನೇ ಭಾಗದ್ದೂ ಇದೆ.

ಬಿಎಚ್_ರೋಡ್_ಬ್ರೇಕರ್:
ಅಯ್ಯೋ ಶಿವನೇ. ಉಸಿರು ಬಿಗಿಹಿಡಿದು ಆಡಿದೆ ಅಂದಿದ್ದು ಇದೇ ಮನುಷ್ಯನಾ?

ಕ್ಯಾತ್ಸಂದ್ರ_ಗೇಟ್:
ಒಪ್ಪಿಕೊಂಡೆ. ಲಾಕ್‌ಡೌನ್ ಟೈಮಲ್ಲಿ ಆಡಿದ್ದು ಮೊದಲನೆಯದು. 19ರ ಪಕ್ಕ 20 ಆಗಲಿ ಅಂತ. ಆವತ್ತು ಹೆಬ್ಬೆರಳು ಊದಿತ್ತು, ಮನೆಯವರಿಗೆ ಕಾರಣ ಹೇಳಲಿಲ್ಲ. ಆದರೆ ಒಂದು ಮಾತು. ಮೇಯೋ ಪ್ಲಾಟಿನಂ ನೋಡಿದಾಗ ನನಗೆ ಏನೂ ಅನ್ನಿಸಲ್ಲ. ಹಾಲೋ ನೈಟ್‌ನಲ್ಲಿ 112 ಪರ್ಸೆಂಟ್ (ಆ ಗೇಮ್‌ನಲ್ಲಿ ಪೂರ್ತಿ ಅಂದರೆ 112) ಮಾಡಿದ್ದು ನೋಡಿದರೆ, ಆ ಮಳೆಗಾಲ, ಆಗ ಇದ್ದ ರೂಮು, ಜೊತೆಗಿದ್ದ ಹುಡುಗ, ಎಲ್ಲ ನೆನಪಾಗುತ್ತೆ. ಎರಡೂ ಪಟ್ಟಿಯಲ್ಲಿ ಒಂದೇ ಥರ ಹೊಳೆಯುತ್ತವೆ. ನನಗೆ ಮಾತ್ರ ಗೊತ್ತು ಯಾವುದು ಯಾವುದು ಅಂತ.

ಕೆಜಿಎಫ್_ಮೊಮ್ಮಗ:
ಈ ಮಾತಿಗೆ ನನ್ನದೊಂದು ಲೈಕ್. ಆದರೂ ಕೂಲಿ ಅನ್ನೋ ಅಭಿಪ್ರಾಯ ಬದಲಾಗಿಲ್ಲ.

ಸ್ಟೀಮ್_ಗೋಡೌನ್:
ಗುರುವಾರ ಬಂತು. ಪುಕ್ಕಟೆ ಗೇಮ್ ತಗೊಂಡ್ರಾ ಎಲ್ಲರೂ?

ಮಧುಗಿರಿ_ಮೇಷ್ಟ್ರು:
ನನ್ನ ಮಗ ಗೇಮ್‌ನಲ್ಲಿ ಕ್ರೇಟ್ ಅನ್ನೋ ಪೆಟ್ಟಿಗೆ ತೆರೆಯಲು ದುಡ್ಡು ಕೇಳುತ್ತಾನೆ. ಬಂದೂಕಿಗೆ ಬಣ್ಣ ಬರುತ್ತದಂತೆ. ಅದೂ ಸಂಗ್ರಹವೇ?

ಶಿರಾಗೇಟ್_ಅಕ್ಕ:
ಅದು ಲಾಟರಿ ಸಾರ್. ಹುಡುಕಿ ಕೂಡಿಸೋದು ಬೇರೆ, ಏನು ಬರುತ್ತೋ ಅಂತ ದುಡ್ಡು ಹಾಕಿ ಕಾಯೋದು ಬೇರೆ. ಕೊಡಬೇಡಿ.

ಬಟವಾಡಿ_ಬ್ಯಾಟರಿ:
ನಾನು ಬ್ಯಾಟರಿ, ಇನ್ವರ್ಟರ್ ಕೆಲಸ ಮಾಡೋನು. ಇಷ್ಟು ಹೊತ್ತು ತತ್ವಜ್ಞಾನ ಓದಿದೆ, ಮೂಲ ತೊಂದರೆ ಯಾರೂ ನೋಡಲಿಲ್ಲ. ಕ್ಯಾತ್ಸಂದ್ರದವರೇ, ಕರೆಂಟ್ ಹೋದಾಗ ಇನ್ವರ್ಟರ್ ಹಿಡಿದುಕೊಳ್ಳೋಕೆ ಒಂದು ಚೂರು ಹೊತ್ತು ಬೇಕು. ಫ್ಯಾನ್‌ಗೆ ಗೊತ್ತಾಗಲ್ಲ, ಪಿಎಸ್‌ಗೆ ಗೊತ್ತಾಗುತ್ತೆ. ಸುಮಾರು ಇನ್ವರ್ಟರ್‌ಗಳ ಹಿಂದುಗಡೆ ಒಂದು ಸ್ವಿಚ್ ಇರುತ್ತೆ. ಒಂದು ಕಡೆ ನಾರ್ಮಲ್ ಅಥವಾ ಎಕೋ, ಇನ್ನೊಂದು ಕಡೆ ಯುಪಿಎಸ್. ಯುಪಿಎಸ್ ಕಡೆ ಹಾಕಿದರೆ ಬೇಗ ಬದಲಾಗುತ್ತೆ. ನಿಮ್ಮದು ಎಲ್ಲಿದೆ ನೋಡಿ.

ಕ್ಯಾತ್ಸಂದ್ರ_ಗೇಟ್:
ನೋಡಿ ಬಂದೆ. ಹಿಂದೆ ಧೂಳು, ಜೇಡರ ಬಲೆ, ಕಳೆದುಹೋಗಿದೆ ಅಂತ ಅಮ್ಮ ಎರಡು ವರ್ಷದಿಂದ ಬೈಯುತ್ತಿದ್ದ ಟೇಪು. ಸ್ವಿಚ್ಚೂ ಇದೆ. ನಾರ್ಮಲ್‌ನಲ್ಲಿತ್ತು. ಮನೆಗೆ ತಂದ ದಿನದಿಂದ.

ಎಸ್‌ಎಸ್‌ಪುರಂ_ಸ್ಕ್ರೀನ್‌ಶಾಟ್:
ಕೊರೋಕ್ ನಂಬರ್ 901 ಸಿಕ್ಕಿತು.

ಕ್ಯಾತ್ಸಂದ್ರ_ಗೇಟ್:
ಭಾನುವಾರ ಬೆಳಿಗ್ಗೆ ಮತ್ತೆ ಕೂರುತ್ತೇನೆ. ಬಟವಾಡಿ ಅಣ್ಣ, ಫೋನ್ ಆನ್ ಇಟ್ಟಿರಿ.