‘ಕೊಂಡಾಟ’ ಎಂದರೆ ಹೊಗಳಿಕೆಯೋ, ಮುದ್ದೋ?

ಪ್ರಶ್ನೆ – ಬದಿಯಡ್ಕದ ಅಧ್ಯಾಪಕ

ನಮ್ಮ ಕನ್ನಡ ಮಾಧ್ಯಮ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಪ್ರಬಂಧದಲ್ಲಿ ‘ನಾನು ಅಜ್ಜನ ಕೊಂಡಾಟದ ಪುಳ್ಳಿ’ ಎಂದು ಬರೆದಿದ್ದಾಳೆ. ಕಾಸರಗೋಡಿನ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೈಸೂರಿನ ಬಂಧುವೊಬ್ಬರು ಕೊಂಡಾಟವೆಂದರೆ ಹೊಗಳಿಕೆಯೆಂದೂ ಇದನ್ನು ‘ಅಕ್ಕರೆಯ ಮೊಮ್ಮಗಳು’ ಎಂದು ತಿದ್ದಬೇಕೆಂದೂ ಹೇಳುತ್ತಾರೆ. ತಿದ್ದುವುದು ಸರಿಯೇ?

ಉತ್ತರ – ಪೆರ್ಲದಿಂದ

ಮಾಸ್ತರರೇ, ದಯವಿಟ್ಟು ತಿದ್ದಬೇಡಿ. ‘ಕೊಂಡು’ ಮತ್ತು ‘ಆಡು’ ಸೇರಿ ‘ಕೊಂಡಾಡು’ ಆಗಿ, ಹೋರಾಡುವಿನಿಂದ ಹೋರಾಟ, ಒಡನಾಡುವಿನಿಂದ ಒಡನಾಟ ಬಂದಂತೆಯೇ ಅದರಿಂದ ‘ಕೊಂಡಾಟ’ ಬಂದಿದೆ. ಘಟ್ಟದ ಮೇಲೆ ಅದು ಬಾಯಿಮಾತಿನ ಹೊಗಳಿಕೆಯಾಗಿ ಉಳಿದರೆ, ನಮ್ಮಲ್ಲಿ ಎತ್ತಿಕೊಳ್ಳುವುದು, ತಲೆ ಸವರುವುದು, ಕೇಳಿದ್ದನ್ನು ಕೊಡಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಅಕ್ಕರೆ ಮನಸ್ಸಿನೊಳಗೇ ಇರಬಹುದು. ಕೊಂಡಾಟ ಕಣ್ಣಿಗೆ ಕಾಣಬೇಕು. ಎಷ್ಟೋ ಅಪ್ಪಂದಿರಲ್ಲಿ ಮೊದಲನೆಯದು ತುಂಬಿ ತುಳುಕುತ್ತಿದ್ದರೂ ಎರಡನೆಯದು ಸುಳಿಯುವುದಿಲ್ಲ. ಇನ್ನೊಂದು ಮಾತು: ಇದು ಹಿರಿಯರಿಂದ ಕಿರಿಯರ ಕಡೆಗೆ ಹರಿಯುವ ಪ್ರೀತಿ. ಅಜ್ಜ ಮೊಮ್ಮಗಳನ್ನು ಕೊಂಡಾಟ ಮಾಡುತ್ತಾನೆ, ಆದರೆ ಮೊಮ್ಮಗಳು ಅಜ್ಜನನ್ನು ಕೊಂಡಾಟ ಮಾಡಿದಳೆಂದು ನಾವು ಹೇಳುವುದಿಲ್ಲ. ‘ಅಕ್ಕರೆ’ಗೆ ಈ ಕಟ್ಟುಪಾಡಿಲ್ಲ.

ಉತ್ತರ – ಮಂಜೇಶ್ವರದಿಂದ

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆಯಾದರೂ, ಈ ಪದದಲ್ಲಿರುವ ಆಕ್ಷೇಪದ ದನಿಯನ್ನು ಅವರು ಬಿಟ್ಟಿದ್ದಾರೆ. ‘ಕೊಂಡಾಟ ಹೆಚ್ಚಾಯಿತು’ ಎಂದರೆ ಮಗು ಹೇಳಿದ ಮಾತು ಕೇಳುತ್ತಿಲ್ಲ, ಅದಕ್ಕೆ ದೊಡ್ಡವರೇ ಕಾರಣ ಎಂದರ್ಥ. ಸೊಸೆ ಅತ್ತೆಯ ಬಗ್ಗೆ ನೇರವಾಗಿ ಹೇಳಲಾಗದ್ದನ್ನು ಹೇಳುವ ದಾರಿಯೂ ಇದೇ. ಹವ್ಯಕರಲ್ಲೂ ತುಳುವರಲ್ಲೂ ಈ ಬಳಕೆ ಸಮಾನವಾಗಿದೆ. ತುಳುವಿನಲ್ಲಿ ‘ಕೊಂಡಾಟದ ಮಗೆ’ ಎಂದರೆ ಮುದ್ದಿನ ಮಗ. ಹೇಳುವವರ ದನಿಯನ್ನು ನೋಡಿ ಅದು ಮೆಚ್ಚುಗೆಯೋ ಕೊಂಕೋ ಎಂದು ತಿಳಿಯಬೇಕು.

ಉತ್ತರ – ಹೊಸೂರಿನಿಂದ

ತಮಿಳುನಾಡಿನ ಗಡಿಯಲ್ಲಿರುವ ನಮಗೆ ಈ ಅರ್ಥ ಹೊಸದು. ತಮಿಳಿನ ‘ಕೊಂಡಾಟ್ಟಂ’ ಎಂದರೆ ಹಬ್ಬದ ಸಂಭ್ರಮ. ಹುಟ್ಟುಹಬ್ಬವನ್ನು ಆಚರಿಸುವುದಕ್ಕೂ ಅಲ್ಲಿ ‘ಕೊಂಡಾಡು’ ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ಮಲಯಾಳದಲ್ಲಿಯೂ ಬೇರೆ ಅರ್ಥವಿದೆಯೇ?

ಉತ್ತರ – ಪೆರ್ಲದಿಂದ

ಇದೆ. ಮೆಣಸನ್ನೋ ಹಾಗಲಕಾಯಿಯನ್ನೋ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಊಟದ ಹೊತ್ತಿಗೆ ಎಣ್ಣೆಯಲ್ಲಿ ಕರಿಯುವ ವ್ಯಂಜನವೇ ಅವರ ‘ಕೊಂಡಾಟ್ಟಂ’. ಆದ್ದರಿಂದ ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಈ ಪದ ಹೇಳಿದರೆ ನಿಮ್ಮ ಕೈಗೆ ಬರುವುದು ಒಣಮೆಣಸಿನ ಪೊಟ್ಟಣ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪ್ರಬಂಧದಲ್ಲಿ ‘ಕೊಂಡಾಟ’ವನ್ನು ಹಾಗೆಯೇ ಉಳಿಸುತ್ತೇನೆ. ‘ಪುಳ್ಳಿ’ ಎಂಬುದು ಹೊರಗಿನ ಓದುಗರಿಗೆ ತಿಳಿಯಲಾರದಾದುದರಿಂದ ಅದನ್ನು ‘ಮೊಮ್ಮಗಳು’ ಎಂದು ಬದಲಿಸಲು ವಿದ್ಯಾರ್ಥಿನಿ ಒಪ್ಪುವಳೇ ಎಂದು ನಾಳೆ ಕೇಳುತ್ತೇನೆ.