ಸಕಲೇಶಪುರ ಘಟ್ಟದ ರೂಟ್‌ಗೆ ಯಾವ ಡಿಇಎಂ (ನೆಲದ ಎತ್ತರದ ಡೇಟಾ) ಹಾಕಿದಿರಿ? ಅನುಭವ ಇದ್ದವರು ಹೇಳಿ

ಹಾಸನದ ಹೊಸಬ: ಓಪನ್ ರೈಲ್ಸ್ ಅನ್ನೋ ರೈಲು ಸಿಮ್ಯುಲೇಟರ್‌ಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ 55 ಕಿ.ಮೀ. ಮಾಡೋ ಆಸೆ. ನಾಸಾದ ಎಸ್‌ಆರ್‌ಟಿಎಂ ಸಾಕಾ, ಇಸ್ರೋದ ಕಾರ್ಟೋಡೆಮ್ ಬೇಕಾ? ಇರೋದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ರಾತ್ರಿ ಒಂದು ಗಂಟೆ ಸಿಕ್ಕರೆ ಹೆಚ್ಚು.

ಘಟ್ಟದ ಬ್ಯಾಂಕರ್: ನಾನೂ ಹೀಗೇ ಕೇಳ್ಕೊಂಡು ಬಂದವನು. ಸಕಲೇಶಪುರದಿಂದ ನೆಟ್ಟಣದ (ಸುಬ್ರಹ್ಮಣ್ಯ ರೋಡ್) ತನಕ ಎಸ್‌ಆರ್‌ಟಿಎಂದು N12E075 ಅನ್ನೋ ಒಂದೇ ಫೈಲ್, 25 ಎಂಬಿ. ಎಡಿಟರ್‌ಗೆ ಕೊಟ್ಟೆ, ಮೂರು ನಿಮಿಷಕ್ಕೆ ಇಡೀ ಘಟ್ಟ ಎದ್ದು ನಿಂತಿತು. ಆ ಮೂರು ನಿಮಿಷಕ್ಕೆ ಮರುಳಾಗಿ ಎರಡೂವರೆ ವರ್ಷ ಕಳೆದೆ.

ಹಳಿಯನ್ನ ನೆಲಕ್ಕೆ ಅಂಟಿಸಿದ್ದು ಮೊದಲನೇ ತಪ್ಪು. ನಿಜವಾದ ಲೈನ್‌ನಲ್ಲಿ ಕಡಿದಾದ ಏರು ಅಂದ್ರೆ 50ಕ್ಕೆ 1. ನನ್ನದರಲ್ಲಿ ಒಂದು ಕಡೆ 14ಕ್ಕೆ 1 ಏರಿ, ನೂರು ಮೀಟರ್ ಆದ್ಮೇಲೆ ಇಳಿದು, ಮತ್ತೆ ಏರ್ತಿತ್ತು. ಮುಂದೆ ಎರಡು ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್, ಹಿಂದಿನಿಂದ ತಳ್ಳೋಕೆ ಎರಡು ಬ್ಯಾಂಕರ್ ಎಂಜಿನ್ ಕಟ್ಟಿದ್ರೂ ಗೂಡ್ಸು ದೋಣಿಗಲ್ ಸ್ಟೇಷನ್ ದಾಟಲಿಲ್ಲ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ಶಟಲ್‌ನಿಂದ ಅಳೆದ ರೇಡಾರ್ ಅದು. ದಟ್ಟ ಕಾಡಿರೋ ಕಡೆ ನೆಲದ ತನಕ ಸರಿಯಾಗಿ ಮುಟ್ಟಲ್ಲ, ಮರದಲ್ಲೇ ಎಲ್ಲೋ ಮೇಲೆ ನಿಲ್ಲುತ್ತೆ. 30 ಮೀಟರಿಗೆ ಒಂದು ಚುಕ್ಕೆ. ಸಿಮ್ಯುಲೇಟರಿಗೆ ಬೇಕಾಗಿರೋದು 8 ಮೀಟರಿಗೆ ಒಂದು. ನಡುವೆ ಇರೋದೆಲ್ಲ ಊಹೆ. ಹಳಿಗೆ ಗುಡ್ಡ ಕಡಿದ ಕಟಿಂಗ್ ಇಲ್ಲ, ಮಣ್ಣು ಹಾಕಿದ ಏರಿ ಇಲ್ಲ. ಕಿರಿದಾದ ಕೊರಕಲುಗಳೆಲ್ಲ ಅರ್ಧ ತುಂಬಿಹೋಗಿ, 109 ಸೇತುವೆಗಳಲ್ಲಿ ಮುಕ್ಕಾಲು ಪಾಲಿನ ಕಂಬ ಕತ್ತಿನ ತನಕ ಮಣ್ಣಲ್ಲಿ. 57 ಸುರಂಗದಲ್ಲಿ ಕೆಲವಕ್ಕೆ ಮೇಲೆ ಗುಡ್ಡವೇ ಇಲ್ಲ, ಬಯಲಲ್ಲಿ ಕಮಾನು ನಿಂತಿದೆ.

ಕೊನೆಗೆ ಸ್ಟೇಷನ್‌ಗಳ ಎತ್ತರ ಗಟ್ಟಿ ಮಾಡ್ಕೊಂಡು, ಹಳಿ ಮೊದಲು ಹಾಕಿ, ಗುಡ್ಡವನ್ನ ಹಳಿಗೆ ತಕ್ಕಂತೆ ಕೈಯಲ್ಲೇ ತಿದ್ದಿದೆ. 43 ಕಿ.ಮೀ. ಮುಗಿದಿತ್ತು, ಹಾರ್ಡ್ ಡಿಸ್ಕ್ ಸತ್ತಿತು. ಬ್ಯಾಕಪ್ ಇತ್ತು, ಅದೇ ಡಿಸ್ಕ್‌ನ ಡಿ ಡ್ರೈವ್‌ನಲ್ಲಿ. ರಿಕವರಿಗೆ 7,800 ರೂಪಾಯಿ ಕೊಟ್ಟೆ, ಅದರಲ್ಲಿ 3,000 ಬರೀ 'ನೋಡೋ ಚಾರ್ಜು'. ಫೈಲ್‌ಗಳೇನೋ ಬಂದವು, ಅರ್ಧಕ್ಕರ್ಧ ತೆರೆದರೆ ಖಾಲಿ. ಮನೇಲಿ 2,000 ಅಂತ ಹೇಳಿದೀನಿ, ಯಾರೂ ಬಾಯಿ ಬಿಡಬೇಡಿ.

ನಕ್ಷೆ ಅಕ್ಕ: ಎಸ್‌ಆರ್‌ಟಿಎಂ ಬೈಯುವುದು ಸುಲಭ. ನಾನು ಕಾರ್ಟೋಡೆಮ್ ಹಾಕಿದೆ. 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1ರ ಜೋಡಿ ಚಿತ್ರಗಳಿಂದ ಮಾಡಿದ್ದು, ಇಸ್ರೋದ ಭುವನ್‌ನಲ್ಲಿ ಪುಕ್ಕಟೆ. ನಮ್ಮದೇ ಅನ್ನೋ ಅಭಿಮಾನವೂ ಇತ್ತು, ಸುಳ್ಳೇಕೆ. ಗುಡ್ಡದ ಏಣುಗಳು ಚೆನ್ನಾಗಿಯೇ ಬಂದವು. ಮಂಗಳೂರಿನ ಕಡೆಗೆ ಮಾತ್ರ ಮೊದಲೇ ಮಾಡಿಟ್ಟ ಎಸ್‌ಆರ್‌ಟಿಎಂ ತುಂಡು ಇತ್ತು. ಎರಡನ್ನೂ ಕೂಡಿಸಿದೆ. ಕೂಡಿದ ಕಡೆ ಎಂಬತ್ತು ಚಿಲ್ಲರೆ ಮೀಟರ್ ಎತ್ತರದ ಗೋಡೆ! ನೀಟಾಗಿ, ಕತ್ತಿಯಲ್ಲಿ ಕೊಯ್ದ ಹಾಗೆ.

ಕಾರ್ಟೋಡೆಮ್‌ನ ಎತ್ತರ ಎಲಿಪ್ಸಾಯ್ಡ್‌ನಿಂದ (ಭೂಮಿಗೆ ಲೆಕ್ಕದಲ್ಲಿ ಕಟ್ಟಿದ ನಯವಾದ ಆಕಾರ) ಅಳೆದದ್ದು, ಎಸ್‌ಆರ್‌ಟಿಎಂದು ಸಮುದ್ರಮಟ್ಟದ ಲೆಕ್ಕಕ್ಕೆ ಹತ್ತಿರ. ನಮ್ಮ ಕಡೆ ಎರಡಕ್ಕೂ ಸುಮಾರು 85–90 ಮೀಟರ್ ಅಂತರ, ಕಾರ್ಟೋಡೆಮ್‌ನದು ಅಷ್ಟು ಕೆಳಗೆ. ಮೊದಲು ಎಲ್ಲವನ್ನೂ ಕಾರ್ಟೋಡೆಮ್‌ಗೇ ಬದಲಾಯಿಸೋಣ ಅಂತ ಹೋದೆ. ಮಂಗಳೂರು ಸ್ಟೇಷನ್ ನೀರಿನೊಳಗೆ ಹೋಯಿತು. ಇದು ಹೊಳೆಯಲು ನನಗೆ ನಾಲ್ಕು ತಿಂಗಳು. ಹನ್ನೊಂದು ವರ್ಷದಿಂದ ಜಿಐಎಸ್ ಕೆಲಸ ಮಾಡುವವಳು ನಾನು. ಆಫೀಸಿನಲ್ಲಿ ಇವತ್ತಿಗೂ ಹೇಳಿಲ್ಲ.

ನೆಟ್ಟಣದವ: ನನಗೆ ಈ ಉಪಗ್ರಹದ ಉಸಾಬರಿಯೇ ಬೇಡ ಮಾರಾಯ್ರೆ. ಮರದ ತಲೆ ಅಳೆದು ಇದೇ ನೆಲ ಅಂತ ಹೇಳುವುದು ಎಂತಕ್ಕೆ? ನಾನು ಸರ್ವೇ ಇಲಾಖೆಯ ಟೋಪೋಶೀಟ್ ತೆಗೆದು, 20 ಮೀಟರಿನ ಕಂಟೂರು ಒಂದೊಂದೇ ಕೈಯಲ್ಲಿ ಎಳೆದದ್ದು. ಏರುಪೇರು ಬೇಕಾದರೆ ಹಳಿ ಬದಿಯಲ್ಲಿ ಗ್ರೇಡಿಯೆಂಟ್ ಪೋಸ್ಟ್ ಉಂಟಲ್ಲ, ಬಾಗಿಲಲ್ಲಿ ಕೂತು ವಿಡಿಯೋ ಮಾಡಿದೆ. ರೈಲು ಹೋಗುವುದೇ 30ರಲ್ಲಿ, ಆರಾಮ ಓದ್ಲಿಕ್ಕೆ ಆಗ್ತದೆ. ಆರು ಸಲ ಹೋಗಿ ಬಂದೆ. ಟಿಕೆಟ್, ಚಾ, ವಡೆ, ಸಕಲೇಶಪುರದಲ್ಲಿ ಎರಡು ರಾತ್ರಿ ಲಾಡ್ಜು, ಎಲ್ಲ ಸೇರಿ 4,360. ನಾಲ್ಕನೇ ಸಲ ಮಳೆ, ಲೆನ್ಸಿನ ಒಳಗೆ ನೀರು, ಫೋನೇ ಹೋಯ್ತು. ಅದರ ಲೆಕ್ಕ ಇದರಲ್ಲಿ ಇಲ್ಲ. ಫೋನಿನ ಬ್ಯಾರೋಮೀಟರ್ ಆ್ಯಪ್ ನಂಬಿ ಕೆಡಬೇಡಿ, ಸುರಂಗಕ್ಕೆ ನುಗ್ಗಿದ ಕೂಡಲೇ ಗಾಳಿಯ ಒತ್ತಡ ಹಾರಿ ಘಟ್ಟವೇ ಕುಣಿಯುತ್ತದೆ. ಹಿಂದೆ ಕಾಲೇಜಿನಲ್ಲಿರುವಾಗ ಘಟ್ಟದ ನಡುವಿನ ಎಡಕುಮೇರಿ ಸ್ಟೇಷನ್ನಿನಿಂದ ಹಳಿ ಮೇಲೆಯೇ ನಡೆದು ಅಳೆದ ನೋಟುಬುಕ್ಕೂ ಉಂಟು.

ರಿಟೈರ್ಡ್ ಕೀಮ್ಯಾನ್: ಮೊಮ್ಮಗ ಓದಿ ಹೇಳಿದ, ಇದನ್ನ ಟೈಪ್ ಮಾಡ್ತಿರೋನೂ ಅವನೇ. ನೆಟ್ಟಣದವ್ರೇ, ಹಳಿ ಮೇಲೆ ನಡೆದಿದ್ದನ್ನ ದೊಡ್ಡಸ್ತಿಕೆ ಅಂತ ಬರೀಬೇಡಿ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಸುರಂಗದೊಳಗೆ ಗಾಡಿ ಬಂದ್ರೆ ಎಲ್ಲಿಗೆ ಓಡ್ತೀರಿ? ನಿಮ್ಮಂಥೋರನ್ನ ಕೈಹಿಡಿದು ಆಚೆ ಎಳೆದು ಸಾಕಾಗಿದೆ ನನಗೆ. ಹಳಿ ಕಾಯೋ ಕೆಲಸಕ್ಕೆ ಮೀಟರ್ ಗೇಜ್ (ಕಿರಿದಾದ ಹಳಿ) ಇದ್ದಾಗ್ಲೇ ಸೇರಿದೋನು. 96ರಲ್ಲಿ ಗಾಡಿ ನಿಲ್ಲಿಸಿ ಹಳಿ ಕಿತ್ರು, ಪ್ಯಾಸೆಂಜರ್ ಮತ್ತೆ ಓಡಿದ್ದು 2007ರ ಡಿಸೆಂಬರ್‌ಗೆ. ನಿಮ್ಮ ಆ 2000ದ ರೇಡಾರ್ ಅಳೆದಾಗ ಘಟ್ಟದಲ್ಲಿ ಗಾಡಿಯೇ ಇರ್ಲಿಲ್ಲ. 2018ರ ಆಗಸ್ಟ್‌ನಲ್ಲಿ, 2024ರ ಜುಲೈನಲ್ಲಿ ಜರಿದ ಗುಡ್ಡಗಳು ಅದರಲ್ಲಿ ಇನ್ನೂ ಗಟ್ಟಿಯಾಗಿ ನಿಂತಿರ್ತವೆ.

ನೆಟ್ಟಣದವ: ಅಜ್ಜಾ, ಅದು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಎಲ್ಲರೂ ಹೋಗ್ತಿದ್ದರು.

ರಿಟೈರ್ಡ್ ಕೀಮ್ಯಾನ್: ಎಲ್ಲರೂ ವಾಪಸ್ ಬರ್ಲಿಲ್ಲ.

ಹುಬ್ಬಳ್ಳಿ ಲೋಕೋ: ಏನ್ರಿ 50ಕ್ಕೆ 1 ಅಂತ ಇಷ್ಟ್ ಅಳ್ತೀರಿ? ಗೋವಾ ಕಡೀ ಘಟ್ಟದ ಕ್ಯಾಸಲ್‌ರಾಕ್–ಕುಳೆಂ ನೋಡ್ರಿ, 37ಕ್ಕೆ 1 ಐತಿ. ಟ್ರೇನ್ಸ್ ಅನ್ನೋ ರೈಲ್ ಸಿಮ್ಯುಲೇಟರ್‌ನ್ಯಾಗ ಮಾಡೀನಿ. ಮೊದಲ ಎಸ್‌ಆರ್‌ಟಿಎಂ ಹಾಕಿದ್ನಿ, ದೂಧಸಾಗರ ಧಬಧಬೆ ಹೋಗಿ ಜಾರುಬಂಡಿ ಆಗಿತ್ತು. ಆಮ್ಯಾಲೆ ಯುರೋಪಿನ ಕೋಪರ್ನಿಕಸ್ ಉಪಗ್ರಹ ಡೇಟಾದಾಗಿಂದ ಗಿಡ, ಮನಿ ತಗದು ಮಾಡಿದ ಫ್ಯಾಬ್‌ಡೆಮ್ ಸಿಕ್ತು. ಅದ ಛಲೋ. ನೆಲ ನೆಲದಂಗ ಕಾಣತೈತಿ. ಆ ಡೇಟಾ ಟ್ರೇನ್ಸ್‌ಗೆ ಬದಲಿಸೋ ಕನ್ವರ್ಟರ್‌ಗೆ ರೊಕ್ಕ ಕೊಟ್ಟೀನಿ, ಯೂರೋದಾಗ, ಅದರ ಮ್ಯಾಲೆ ಕಾರ್ಡಿನವ್ರು ಫಾರಿನ್ ಚಾರ್ಜ್ ಅಂತ 118 ರೂಪಾಯಿ ಮುರಕೊಂಡ್ರು. ಆ 118 ಇನ್ನೂ ಹೊಟ್ಟಿ ಉರಸತೈತಿ. ಪುಕ್ಕಟೆದ್ದ ಬೇಕು ಅನ್ನಾವ್ರು ಎರಡೂವರೆ ವರ್ಷ ಮಣ್ಣ ಹೊರ್ರಿ.

ಘಟ್ಟದ ಬ್ಯಾಂಕರ್: ಮಣ್ಣು ಹೊತ್ತವನ ಸುರಂಗದ ಬಾಯಿ ಎತ್ಕೊಂಡು ಹೋದೋರು ಯಾರು ಸ್ವಾಮಿ? ನಿಮ್ಮ ಕ್ಯಾಸಲ್‌ರಾಕ್ ರೂಟ್‌ನ ಸ್ಕ್ರೀನ್‌ಶಾಟ್ ನೋಡ್ದೆ. ಪಾಚಿ ಹಿಡಿದ ಆ ಕಲ್ಲಿನ ಕಮಾನು, ಎಡಗಡೆ ಒಡೆದ ಮೂಲೆ, ಅದು ನನ್ನ ಟೆಕ್ಸ್ಚರ್. ಆ ಮೂಲೆ ಒಡೆದಿರಲೇ ಇಲ್ಲ, ನನ್ನ ಫೋಟೋದಲ್ಲಿ ಬೆರಳು ಅಡ್ಡ ಬಂದಿತ್ತು, ಹಾಗೇ ಬಿಟ್ಟಿದ್ದೆ.

ಹುಬ್ಬಳ್ಳಿ ಲೋಕೋ: ಯಾರೋ ಕೊಟ್ಟ ಪ್ಯಾಕಿನಾಗ ಇತ್ತರಿ. ಹೆಸರ ಇರ್ಲಿಲ್ಲ.

ಘಟ್ಟದ ಬ್ಯಾಂಕರ್: ಮಾಡಿದವರ ಹೆಸರಿರೋ ರೀಡ್‌ಮಿ ಫೈಲ್ ಅಳಿಸಿದ್ರೆ ಹೆಸರು ಎಲ್ಲಿಂದ ಇರುತ್ತೆ?

ನಕ್ಷೆ ಅಕ್ಕ: ಲೋಕೋ ಅವರೇ, ಆ ರೂಟ್ ದುಡ್ಡಿಗೆ ಮಾರುತ್ತಿದ್ದೀರಾ? ಫ್ಯಾಬ್‌ಡೆಮ್ ವ್ಯಾಪಾರಕ್ಕಲ್ಲ, ಲೈಸೆನ್ಸ್ ಓದಿ.

ಹುಬ್ಬಳ್ಳಿ ಲೋಕೋ: 'ಚಹಾಕ್ಕ ಕೊಡ್ರಿ' ಅಂತ ಹಾಕೀನಿ, ಮಾರಾಟ ಅಲ್ಲ ಅದು. ನಾಲ್ಕ ಮಂದಿ ಕೊಟ್ಟಾರ. ಅದರಾಗ ಒಬ್ಬವ ನಮ್ಮ ಅಳಿಯ. ನೀವು ಮೊದಲ ನಿಮ್ಮ ಮಂಗಳೂರು ನೀರಿನಾಗಿಂದ ಎತ್ರಿ ಅಕ್ಕಾರ.

ನಕ್ಷೆ ಅಕ್ಕ: ಎತ್ತಿಯಾಗಿದೆ. ನಿಮ್ಮ ಜಲಪಾತದ ಜಾರುಬಂಡಿ?

ಹಾಸನದ ಹೊಸಬ: ಎಲ್ಲರಿಗೂ ಥ್ಯಾಂಕ್ಸ್. 8 ಜಿಬಿ ಸಾಕಾಗುತ್ತಾ? ಮೊದಲು ಎಡಕುಮೇರಿ ಆಸುಪಾಸು ಹತ್ತು ಕಿ.ಮೀ. ಮಾತ್ರ ಮಾಡಿ ನೋಡಲಾ?

ರಿಟೈರ್ಡ್ ಕೀಮ್ಯಾನ್: ಯಡಕುಮರಿ. ನಾವು ಗ್ಯಾಂಗಿನವ್ರೆಲ್ಲ ಹಂಗೇ ಅಂತಿದ್ದದ್ದು.

ನೆಟ್ಟಣದವ: ಎಡಕುಮೇರಿ ಅಜ್ಜಾ. ನಮ್ಮ ಮನೆಯಿಂದ ಗುಡ್ಡ ಕಾಣ್ತದೆ, ಊರಿನ ಹೆಸರು ಗೊತ್ತಿಲ್ವಾ ನಮಗೆ?

ರಿಟೈರ್ಡ್ ಕೀಮ್ಯಾನ್: ಗುಡ್ಡ ಕಂಡ್ರೆ ಆಯ್ತಾ? ನಾನು ಅಲ್ಲಿ ಹದಿನಾಲ್ಕು ಮಳೆಗಾಲ ಮಲಗಿದೀನಿ.

ಘಟ್ಟದ ಬ್ಯಾಂಕರ್: ನಾನು ಸ್ಟೇಷನ್ ಬೋರ್ಡ್ ಮಾಡುವಾಗ ಎರಡನ್ನೂ ಬಿಟ್ಟು ಯೆಡಕುಮೇರಿ ಅಂತ ಬರೆದಿದ್ದೆ. ಡಿಸ್ಕ್ ಜೊತೆ ಅದೂ ಹೋಯ್ತು.

ನೆಟ್ಟಣದವ: ಹೋದದ್ದೇ ಒಳ್ಳೆಯದಾಯ್ತು.